ಹುಲ್ಲುಹಾಸಿನ ಕಂದು ಮಚ್ಚೆ: ಔಷಧಿಗೆ ಮುಂಚೆ ರೋಗದ ಹೆಸರು ಗೊತ್ತಾಗಬೇಕು

ನಮ್ಮ ಮನೆ ಲಾನ್‌ಗೆ ಬಂದಿದ್ದ ಫಂಗಸ್ ರೋಗ ಈಗ ಹತೋಟಿಗೆ ಬಂದಿದೆ. ಬೋಳಾಗಿದ್ದ ಜಾಗಕ್ಕೆ ಅಂಚಿನಿಂದ ಹೊಸ ಬಳ್ಳಿ ಹಬ್ಬುತ್ತಿದೆ. ಎಲ್ಲ ಸರಿಯಾಗಿ ನೆನಪಿರುವಾಗಲೇ ಬರೆದಿಡೋಣ ಅನ್ನಿಸಿತು. ಬೆಳೆಗಳ ರೋಗದ ಬಗ್ಗೆ ಕನ್ನಡದಲ್ಲಿ ಓದಲು ಬೇಕಾದಷ್ಟು ಸಿಗುತ್ತದೆ. ಮನೆ ಮುಂದಿನ ಹುಲ್ಲಿನ ರೋಗದ ಬಗ್ಗೆ ಹುಡುಕಿದರೆ ಕೈಗೆ ಸಿಗುವುದು ತುಂಬಾ ಕಡಿಮೆ. ಯಾರದ್ದಾದರೂ ಲಾನ್‌ನಲ್ಲಿ ಈಗ ಮಚ್ಚೆ ಬಿದ್ದಿದ್ದರೆ, ಅವರು ನಾನು ಪಟ್ಟ ಗೊಂದಲ ಪಡಬೇಕಾಗಿಲ್ಲ.

ನಮ್ಮದು ಝೋಯ್ಸಿಯಾ ಹುಲ್ಲು. ಸಣ್ಣ ಎಲೆ, ದಟ್ಟವಾಗಿ ಬೆಳೆಯುತ್ತದೆ, ನಿಧಾನಕ್ಕೆ ಹಬ್ಬುತ್ತದೆ. ಬಿಸಿಲು ಇಳಿದು ದಿನಗಟ್ಟಲೆ ಮೋಡ ಮುಚ್ಚಿ ಮಳೆ ಹಿಡಿದಿತ್ತು. ಆಗ ಒಂದು ಕಡೆ ತಟ್ಟೆಯಗಲದ ಹಳದಿ ಮಚ್ಚೆ ಕಾಣಿಸಿಕೊಂಡಿತು. ನೋಡನೋಡುತ್ತಾ ಅದು ದೊಡ್ಡದಾಯಿತು. ಮಧ್ಯದಲ್ಲಿ ಒಣಹುಲ್ಲಿನ ಬಣ್ಣ, ಸುತ್ತ ಕಿತ್ತಳೆಗೆ ತಿರುಗಿದ ಅಂಚು. ಆ ಅಂಚು ದಿನ ದಿನಕ್ಕೂ ಹೊರಗೆ ಸರಿಯುತ್ತಿತ್ತು. ಪಕ್ಕದಲ್ಲಿ ಇನ್ನೆರಡು ಹುಟ್ಟಿ, ಕೊನೆಗೆ ಒಂದಕ್ಕೊಂದು ಸೇರಿಕೊಂಡವು. ಮಕ್ಕಳು ಆಡುವ ಜಾಗ, ಅಮ್ಮ ಬೆಳಿಗ್ಗೆ ಬರಿಗಾಲಲ್ಲಿ ನಡೆಯುವ ಜಾಗ. ತುಂಬಾ ಸಂಕಟವಾಯಿತು.

ಮೊದಲು ಸಿಗುವುದು ಸಲಹೆಗಳು. ತೋಟ ನೋಡಿಕೊಳ್ಳುವವರು, "ಗೊಬ್ಬರ ಸಾಲದು, ಯೂರಿಯಾ ಹಾಕಿ" ಅಂದರು. ನರ್ಸರಿಯವರು ಎಲೆಯನ್ನೂ ನೋಡದೆ, "ಹುಳು ಬಿದ್ದಿದೆ ಸರ್, ಇದು ಹೊಡೀರಿ" ಅಂತ ಕೀಟನಾಶಕದ ಬಾಟಲಿ ಮುಂದಿಟ್ಟರು. ಪಕ್ಕದ ಮನೆಯವರು ವಿನೆಗರ್ ಅಂದರು. ದಯವಿಟ್ಟು ವಿನೆಗರ್ ಹಾಕಬೇಡಿ. ಅದು ಹುಲ್ಲಿನ ಎಲೆಯನ್ನೇ ಸುಡುತ್ತದೆ. ಕಳೆ ಸುಡಲು ಅದನ್ನು ಬಳಸುವವರೂ ಇದ್ದಾರೆ. ಮೂವರೂ ಮೂರು ದಾರಿ ತೋರಿಸಿದ್ದರಿಂದ, ಏನನ್ನೂ ಹಾಕುವ ಮುಂಚೆ ಇದು ಏನು ಅಂತ ತಿಳಿಯಲೇಬೇಕು ಎಂದು ಗಟ್ಟಿ ಮಾಡಿಕೊಂಡೆ. ಈ ಇಡೀ ಬರಹದಲ್ಲಿ ಒಂದೇ ಮಾತು ನಿಮಗೆ ನೆನಪಿರುವುದಾದರೆ ಅದು ಇದೇ ಆಗಿರಲಿ. ದೂರದಿಂದ ನೋಡಿದರೆ ಎಲ್ಲಾ ಮಚ್ಚೆಯೂ ಒಂದೇ ಥರ ಕಾಣುತ್ತದೆ. ಆದರೆ ಒಂದಕ್ಕೆ ಔಷಧಿಯಾಗುವುದು ಇನ್ನೊಂದಕ್ಕೆ ಮೇವಾಗುತ್ತದೆ.

ಉದಾಹರಣೆಗೆ ಡಾಲರ್ ಸ್ಪಾಟ್ ಅನ್ನುವ ರೋಗ. ನಾಣ್ಯದಗಲದ ಬಿಳಚಿದ ಮಚ್ಚೆಗಳು. ಎಲೆಯ ಮೇಲೆ ಮಧ್ಯದಲ್ಲಿ ಸಣ್ಣಗಾದ ಬಿಳಿ ಗಾಯ, ಅದಕ್ಕೆ ಕಂದುಗೆಂಪು ಅಂಚು. ಸಾರಜನಕ ಸಾಲದ ಹುಲ್ಲಿಗೆ ಇದು ಬೇಗ ಬರುತ್ತದೆ. ಅದಕ್ಕೆ ಸ್ವಲ್ಪ ಗೊಬ್ಬರ ಕೊಟ್ಟರೇ ಎಷ್ಟೋ ಚೇತರಿಕೆ. ರೈಜೋಕ್ಟೋನಿಯಾ ಅನ್ನುವ ಫಂಗಸ್‌ನಿಂದ ಬರುವ ರೋಗಗಳು ಇದಕ್ಕೆ ಪೂರ್ತಿ ಉಲ್ಟಾ. ಸಾರಜನಕ ಜಾಸ್ತಿಯಾಗಿ ಎಲೆ ಮೆತ್ತಗಾದಷ್ಟೂ ಆ ಫಂಗಸ್‌ಗೆ ಒಳ್ಳೆಯದು. ಇನ್ನು ಪಿಥಿಯಮ್. ಸೆಕೆಯ ರಾತ್ರಿಗಳಲ್ಲಿ, ನೀರು ಹರಿಯುವ ದಾರಿಯುದ್ದಕ್ಕೂ ಹುಲ್ಲು ಎಣ್ಣೆ ಹಚ್ಚಿದಂತೆ ಕಪ್ಪಾಗಿ, ಬೆಳಿಗ್ಗೆ ಹತ್ತಿಯಂಥ ಬಿಳಿ ಎಳೆ ಕಟ್ಟಿರುತ್ತದೆ. ಅದು ನಿಜವಾದ ಫಂಗಸ್ಸೇ ಅಲ್ಲ, ಊಮೈಸೀಟ್ ಅನ್ನುವ ಬೇರೆ ಗುಂಪಿಗೆ ಸೇರಿದ್ದು. ಹಾಗಾಗಿ ಬೇರೆ ಫಂಗಸ್‌ಗೆ ಹೊಡೆಯುವ ಎಷ್ಟೋ ಔಷಧಿ ಅದರ ಮೇಲೆ ಕೆಲಸವೇ ಮಾಡುವುದಿಲ್ಲ. ಅದಕ್ಕೆ ಮೆಟಲಾಕ್ಸಿಲ್‌ನಂಥದ್ದು ಬೇಕು. ತುಕ್ಕು ರೋಗ ಗುರುತಿಸುವುದು ಸುಲಭ, ನಡೆದರೆ ಚಪ್ಪಲಿಗೆ ಕಿತ್ತಳೆ ಪುಡಿ ಅಂಟುತ್ತದೆ. ಇದ್ದಕ್ಕಿದ್ದಂತೆ ಎಲೆಗಳ ಮೇಲೆ ಬೂದು ಬಣ್ಣದ ಲೋಳೆ ಅಥವಾ ಸಣ್ಣ ಗುಳ್ಳೆಗಳು ಕಾಣಿಸಿಕೊಂಡರೆ ಅದು ಸ್ಲೈಮ್ ಮೋಲ್ಡ್. ಹುಲ್ಲಿಗೆ ಅದರಿಂದ ತೊಂದರೆಯಿಲ್ಲ. ಪೊರಕೆಯಿಂದ ಗುಡಿಸಿ ಸುಮ್ನೆ ಬಿಟ್ಟುಬಿಡಿ.

ರೋಗವೇ ಅಲ್ಲದ ಕಾರಣಗಳೂ ಇವೆ. ನಾನು ಮೊದಲು ಅವನ್ನೇ ಒಂದೊಂದಾಗಿ ತಳ್ಳಿಹಾಕುತ್ತಾ ಹೋದೆ. ನಾಯಿ ಮೂತ್ರ ಮಾಡಿದ ಜಾಗವಾದರೆ ಮಧ್ಯದಲ್ಲಿ ಸುಟ್ಟು, ಸುತ್ತ ಕಡುಹಸಿರು ಉಂಗುರ ಇರುತ್ತದೆ. ನಮ್ಮಲ್ಲಿ ಹಾಗಿರಲಿಲ್ಲ. ಹುಲ್ಲು ಕತ್ತರಿಸುವ ಮಷೀನಿನ (ಮೂವರ್) ಬ್ಲೇಡು ಮೊಂಡಾಗಿದ್ದರೆ ಎಲೆ ತುದಿ ಹರಿದು ಬೆಳ್ಳಗಾಗುತ್ತದೆ, ಆದರೆ ಅದು ಲಾನ್ ತುಂಬಾ ಇರುತ್ತದೆ, ದುಂಡಗಿನ ಮಚ್ಚೆಯಾಗಿ ಬರುವುದಿಲ್ಲ. ಗೊಣ್ಣೆ ಹುಳು ನೋಡಲು ಮಚ್ಚೆಯ ಅಂಚಿನಲ್ಲಿ ಒಂದು ಅಡಿ ಚದರದಷ್ಟು ಹುಲ್ಲನ್ನು ಮೂರು ಕಡೆ ಕತ್ತರಿಸಿ, ಹೊದಿಕೆ ಸರಿಸುವಂತೆ ಮಡಚಿ ನೋಡಿದೆ. ಹುಳು ಬೇರು ತಿಂದಿದ್ದರೆ ಹುಲ್ಲು ಕತ್ತರಿಸುವ ಮುಂಚೆಯೇ ಸಲೀಸಾಗಿ ಎದ್ದು ಬರುತ್ತದೆ. ನಮ್ಮ ಬೇರುಗಳು ಮಣ್ಣನ್ನು ಬಿಗಿಯಾಗಿ ಹಿಡಿದಿದ್ದವು. ಹುಳು ಇರಲೇ ಇಲ್ಲ. ಅಂದರೆ ಆ ಕೀಟನಾಶಕ ಹೊಡೆದಿದ್ದರೆ ದುಡ್ಡೂ ದಂಡ, ಎರೆಹುಳುವಿಗೂ ಕೇಡು.

ಸುಳಿವು ಸಿಕ್ಕಿದ್ದು ಆಮೇಲೆ, ಮಂಡಿಯೂರಿ ಕೂತು ನೋಡಿದಾಗ. ಕಿತ್ತಳೆ ಅಂಚಿನ ಒಂದು ಎಲೆಯನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆದೆ. ಯಾವ ತಡೆಯೂ ಇಲ್ಲದೆ ಬುಡದಿಂದ ಕಳಚಿ ಬಂತು. ಎಲೆಯ ಮೇಲ್ಭಾಗದಲ್ಲಿ ಒಂದು ಗಾಯವೂ ಇರಲಿಲ್ಲ. ಬುಡದಲ್ಲಿ, ಕಾಂಡವನ್ನು ಸುತ್ತಿಕೊಂಡಿರುವ ಪೊರೆಯ ಮೇಲೆ ಮಾತ್ರ ಕಡುಕಂದು ಕೊಳೆ. ಅಂದರೆ ರೋಗ ಇರುವುದು ಕೆಳಗೆ. ಮೇಲಿನ ಹಳದಿ ಬರೀ ಅದರ ಪರಿಣಾಮ. ಮಾಮೂಲಿ ಫೋಟೋಗಳಲ್ಲಿ ಇದು ಕಾಣುವುದೇ ಇಲ್ಲ. ಅದಕ್ಕೇ ಹೇಳುತ್ತೇನೆ, ಫೋಟೋ ತೆಗೆದರೆ ಮೂರು ಥರ ತೆಗೆಯಿರಿ. ದೂರದಿಂದ ಇಡೀ ಲಾನ್, ಹತ್ತಿರದಿಂದ ಅಂಚು, ಕಿತ್ತ ಎಲೆಯ ಬುಡ.

ಆದರೂ ಖಾತ್ರಿ ಆಗಬೇಕಿತ್ತು. ಕೃಷಿ ವಿಶ್ವವಿದ್ಯಾಲಯಗಳ ಸಸ್ಯರೋಗ ವಿಭಾಗದಲ್ಲಿ ಮಾದರಿ ಪರೀಕ್ಷೆ ಮಾಡಿಕೊಡುತ್ತಾರೆ. ಫೋನ್ ಮಾಡಿದಾಗ ಅಲ್ಲಿನ ಮೇಡಂ ಮೊದಲು ಕೇಳಿದ್ದೇ, "ಏನಾದರೂ ಸ್ಪ್ರೇ ಮಾಡಿದ್ದೀರಾ?" ಇಲ್ಲ ಅಂದೆ. "ಒಳ್ಳೆಯದಾಯಿತು, ಶಿಲೀಂಧ್ರನಾಶಕ ಹೊಡೆದ ಮೇಲೆ ಕಳಿಸಿದರೆ ಎಷ್ಟೋ ಸಲ ನಮ್ಮ ಲ್ಯಾಬ್‌ನಲ್ಲಿ ಫಂಗಸ್ ಬೆಳೆಯುವುದೇ ಇಲ್ಲ" ಅಂದರು.

ಮಾದರಿ ತೆಗೆಯುವ ಕ್ರಮ ಅವರೇ ಹೇಳಿಕೊಟ್ಟರು. ಪೂರ್ತಿ ಸತ್ತ ಹುಲ್ಲು ಬೇಡ. ಅದರಲ್ಲಿ ಸತ್ತದ್ದನ್ನು ತಿನ್ನುವ ಬೇರೆ ಫಂಗಸ್‌ಗಳೇ ತುಂಬಿರುತ್ತವೆ. ಅಂಚಿನಿಂದ ತೆಗೆಯಬೇಕು, ಅರ್ಧ ಹಸಿರು, ಅರ್ಧ ಹಳದಿ ಇರುವ ಹಾಗೆ. ಅಂಗೈಯಗಲ, ಬೇರು ಮಣ್ಣಿನ ಸಮೇತ 5 ರಿಂದ 7 ಸೆಂಟಿಮೀಟರ್ ಆಳ. ನೀರು ಚಿಮುಕಿಸಬಾರದು. ಬುಡದ ಮಣ್ಣು ಎಲೆಯ ಮೇಲೆ ಉದುರದಂತೆ ಸುತ್ತಿ, ಪೇಪರ್ ತುಂಬಿದ ಗಟ್ಟಿ ಡಬ್ಬಿಯಲ್ಲಿ ಇಡಬೇಕು. ಒದ್ದೆ ಹುಲ್ಲನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿದರೆ ದಾರಿಯಲ್ಲೇ ಕೊಳೆಯುತ್ತದೆ. ವಾರದ ಮೊದಲ ದಿನಗಳಲ್ಲೇ ಕಳಿಸಬೇಕು, ರಜೆಗೆ ಸಿಕ್ಕಿಹಾಕಿಕೊಳ್ಳಬಾರದು.

ಜೊತೆಗೆ ಒಂದು ಫಾರಂ. ಹುಲ್ಲಿನ ಜಾತಿ ಯಾವುದು, ಯಾವಾಗ ಹಾಸಿದ್ದು, ಎಷ್ಟು ಎತ್ತರಕ್ಕೆ ಕತ್ತರಿಸುತ್ತೀರಿ, ನೀರು ಯಾವ ಹೊತ್ತಿಗೆ, ಕೊನೆಯ ಸಲ ಗೊಬ್ಬರ ಯಾವಾಗ, ಮಚ್ಚೆ ಮೊದಲು ಕಂಡಾಗ ಹವಾಮಾನ ಹೇಗಿತ್ತು. ಇದನ್ನು ಸುಮ್ನೆ ತುಂಬಿ ಕಳಿಸಬೇಡಿ. ಅರ್ಧ ಉತ್ತರ ಈ ಫಾರಂನಲ್ಲೇ ಇರುತ್ತದೆ. ತಾರೀಕುಗಳಿಗಾಗಿ ನಾನು ಮೊಬೈಲ್ ಗ್ಯಾಲರಿ ತೆರೆದೆ. ಮಕ್ಕಳು ಲಾನ್‌ನಲ್ಲಿ ಆಡುವ ಹಳೆಯ ಫೋಟೋಗಳ ಹಿಂದೆ ಮಚ್ಚೆ ಯಾವಾಗಿನಿಂದ ಇದೆ ಅನ್ನುವುದು ಸ್ಪಷ್ಟವಾಗಿತ್ತು. ಗೊಬ್ಬರದ ತಾರೀಕು ತೋಟದವರನ್ನು ಕೇಳಿ ಬರೆದೆ. ಮಳೆ ಹಿಡಿಯುವುದಕ್ಕೆ ಸ್ವಲ್ಪ ಮುಂಚೆ ಅವರು ಒಂದು ಸುತ್ತು ಯೂರಿಯಾ ಕೊಟ್ಟಿದ್ದರಂತೆ.

ಇಷ್ಟೆಲ್ಲಾ ಮಾಡಿ ಕಳಿಸಿದರೆ, ಕೊರಿಯರ್‌ನವರು ಡಬ್ಬಿಯನ್ನು ಎಲ್ಲೋ ಇಟ್ಟು ಮರೆತರು. ಲ್ಯಾಬ್ ತಲುಪುವ ಹೊತ್ತಿಗೆ ಹುಲ್ಲು ಕೊಳೆತು, ಬೇರೆ ಬೂಷ್ಟು ಹಿಡಿದಿತ್ತು. ಇನ್ನೊಂದು ಮಾದರಿ ಬೇಕು ಅಂದರು. ಆ ದಿನ ನಿಜಕ್ಕೂ ಅಳು ಬಂತು. ಅಷ್ಟರಲ್ಲಿ ಮಚ್ಚೆ ಎಷ್ಟು ದೊಡ್ಡದಾಗಿತ್ತೆಂದರೆ, ಮಾದರಿ ತೆಗೆಯಲು ಅಂಚನ್ನು ಹುಡುಕಿಕೊಂಡು ಹೊಸ ಜಾಗಕ್ಕೆ ಹೋಗಬೇಕಾಯಿತು. ಎರಡನೆಯದನ್ನು ನಾನೇ ಒಯ್ದು ಕೊಟ್ಟೆ. ಸಾಧ್ಯವಿದ್ದರೆ ನೀವೂ ಹಾಗೇ ಮಾಡಿ. ಹೋದದ್ದಕ್ಕೆ ಇನ್ನೊಂದು ಲಾಭವೂ ಆಯಿತು. ಮೇಡಂ ಸೂಕ್ಷ್ಮದರ್ಶಕದಲ್ಲಿ ನೋಡಲು ಕರೆದರು. ತಿಳಿ ಕಂದು ಬಣ್ಣದ ಎಳೆಗಳು. ಪ್ರತಿ ಕವಲೂ ಹೆಚ್ಚುಕಡಿಮೆ ನೇರ ಮೂಲೆಯಾಗಿ ಒಡೆದಿತ್ತು, ಒಡೆದ ಜಾಗದಲ್ಲಿ ಎಳೆ ಸ್ವಲ್ಪ ಸಣ್ಣಗಾಗಿತ್ತು, ಅದರ ಪಕ್ಕದಲ್ಲೇ ಒಂದು ಅಡ್ಡಗೋಡೆ. "ಈ ಕವಲು ನೋಡಿದರೆ ಸಾಕು, ರೈಜೋಕ್ಟೋನಿಯಾ" ಅಂದರು. ಝೋಯ್ಸಿಯಾದಲ್ಲಿ ಬಂದಾಗ ಇದನ್ನು ಲಾರ್ಜ್ ಪ್ಯಾಚ್ ಅನ್ನುತ್ತಾರೆ. ಭತ್ತದ ಎಲೆ ಕವಚಕ್ಕೆ ಬರುವ ಮಚ್ಚೆ ರೋಗವೂ ಇದೇ ರೈಜೋಕ್ಟೋನಿಯಾ ಸೊಲಾನಿ ಜಾತಿಯ ಫಂಗಸ್ಸಿನಿಂದ, ಬೇರೆ ತಳಿ ಅಷ್ಟೇ. ಕೃಷಿ ಮನೆತನದವರಿಗೆ ಹೇಳಿದರೆ ತಕ್ಷಣ ಅರ್ಥವಾಗುತ್ತದೆ.

ಬರಹದಲ್ಲಿ ವರದಿ ಬರಲು ಮತ್ತೆ ಕಾಯಬೇಕಾಯಿತು. ಪರೀಕ್ಷೆಗೆ ಕೊಟ್ಟ ಶುಲ್ಕ ಒಂದು ಬಾಟಲಿ ಔಷಧಿಯ ಬೆಲೆಗಿಂತ ಕಡಿಮೆ. ಕಾಯುವ ದಿನಗಳಲ್ಲಿ ಏನೂ ಮಾಡದೆ ಕೂರುವುದೇ ಎಲ್ಲಕ್ಕಿಂತ ಕಷ್ಟ. ಆದರೆ ಔಷಧಿಯಿಲ್ಲದೆಯೂ ಮಾಡಬಹುದಾದ ಕೆಲಸ ಬೇಕಾದಷ್ಟಿದೆ. ನನ್ನ ಅಭಿಪ್ರಾಯದಲ್ಲಿ ಲಾನ್ ಉಳಿದದ್ದು ಅದರಿಂದಲೇ.

ಮೊದಲನೆಯದು ನೀರು. ಲಾನ್ ಹಾಕಿಕೊಟ್ಟವರು ಸ್ಪ್ರಿಂಕ್ಲರ್ ಟೈಮರನ್ನು ಸಂಜೆಗೆ ಇಟ್ಟು ಹೋಗಿದ್ದರು, ನೀರು ಆವಿಯಾಗುವುದಿಲ್ಲ ಅನ್ನುವ ಲೆಕ್ಕದಲ್ಲಿ. ಫಂಗಸ್‌ಗೆ ಬೇಕಾದದ್ದೂ ಅದೇ, ರಾತ್ರಿಯಿಡೀ ಒದ್ದೆಯಾಗಿರುವ ಎಲೆ. ಸಂಜೆ ನೀರು, ಅದರ ಮೇಲೆ ಇಬ್ಬನಿ, ಬೆಳಿಗ್ಗೆ ಬಿಸಿಲೇರುವವರೆಗೂ ಎಲೆ ಆರುವುದೇ ಇಲ್ಲ. ಟೈಮರನ್ನು ಬೆಳಗಿನ ಜಾವಕ್ಕೆ ಬದಲಾಯಿಸಿದೆ. ಹೇಗೂ ಇಬ್ಬನಿ ಬಿದ್ದಿರುವ ಹೊತ್ತು, ನೀರು ಅದನ್ನು ತೊಳೆದುಬಿಡುತ್ತದೆ, ಬಿಸಿಲು ಬಂದೊಡನೆ ಎಲೆ ಒಣಗುತ್ತದೆ. ಮಳೆ ಬಂದ ದಿನ ಟೈಮರ್ ಬಂದ್. ದಿನಾ ಸ್ವಲ್ಪ ಸ್ವಲ್ಪ ಕೊಡುವ ಬದಲು ಅಪರೂಪಕ್ಕೆ, ಆಳಕ್ಕೆ ಇಳಿಯುವಷ್ಟು. ನೆಲಕ್ಕೆ ಸ್ಕ್ರೂಡ್ರೈವರ್ ಚುಚ್ಚಿ ನೋಡಿ. ಸಲೀಸಾಗಿ ಇಳಿದರೆ ಇನ್ನೂ ತೇವ ಇದೆ ಅಂತ ಅರ್ಥ.

ಆಮೇಲೆ ಡಬ್ಬಿ ಪರೀಕ್ಷೆ. ಒಂದೇ ಅಳತೆಯ ಖಾಲಿ ಡಬ್ಬಿಗಳನ್ನು ಲಾನ್ ತುಂಬಾ ಇಟ್ಟು ಸ್ಪ್ರಿಂಕ್ಲರನ್ನು 15 ನಿಮಿಷ ಬಿಟ್ಟೆ. ಸ್ಕೇಲ್ ಇಟ್ಟು ಅಳೆದಾಗ ಗುಟ್ಟು ಬಯಲಾಯಿತು. ಎರಡು ಸ್ಪ್ರಿಂಕ್ಲರ್‌ಗಳ ನೀರು ಒಂದರ ಮೇಲೊಂದು ಬೀಳುವ ಕಡೆ ಡಬ್ಬಿಯಲ್ಲಿ ಎರಡರಷ್ಟು ನೀರಿತ್ತು. ಮೊದಲ ಮಚ್ಚೆ ಹುಟ್ಟಿದ್ದು ಸರಿಯಾಗಿ ಅಲ್ಲೇ! ಒಂದು ನಾಝಲ್ ತಿರುಗಿಸಿದ್ದಷ್ಟೇ ರಿಪೇರಿ, ಒಂದು ಪೈಸೆ ಖರ್ಚಿಲ್ಲ.

ಕತ್ತರಿಸುವ ವಿಷಯದಲ್ಲೂ ಕ್ರಮ ಬದಲಾಯಿತು. ಒಣಗಿದ್ದಾಗ ಮಾತ್ರ ಕತ್ತರಿಸುವುದು. ಎತ್ತರವನ್ನು ಸ್ವಲ್ಪ ಏರಿಸಿದೆ, ಏಕೆಂದರೆ ತೀರಾ ಗಿಡ್ಡ ಕತ್ತರಿಸಿದ ಝೋಯ್ಸಿಯಾದಲ್ಲಿ ಈ ರೋಗ ಜೋರಾಗುತ್ತದೆ. ಒಂದು ಸಲಕ್ಕೆ ಎಲೆಯ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ತೆಗೆಯುವುದಿಲ್ಲ. ಚೆನ್ನಾಗಿರುವ ಜಾಗ ಮೊದಲು, ಮಚ್ಚೆ ಇರುವ ಜಾಗ ಕೊನೆಗೆ. ಈ ಫಂಗಸ್ ಸಾಮಾನ್ಯವಾಗಿ ಗಾಳಿಯಲ್ಲಿ ಹಾರುವ ಬೀಜಕಣದಿಂದ ಹರಡುವುದಿಲ್ಲ. ಎಳೆಯಾಗಿ ತೆವಳಿಕೊಂಡು ಹೋಗುತ್ತದೆ, ಇಲ್ಲವೇ ಸೋಂಕಿದ ಹುಲ್ಲಿನ ಚೂರಿನ ಜೊತೆ ಮೂವರ್ ಅಡಿಯಲ್ಲಿ ಅಂಟಿಕೊಂಡು ಹೋಗುತ್ತದೆ. ಹಾಗಾಗಿ ಪ್ರತಿ ಸಲ ಮಷೀನಿನ ಅಡಿಭಾಗ ಕೆರೆದು ತೊಳೆದು, ಬ್ಲೇಡನ್ನು ಸ್ಪಿರಿಟ್‌ನಲ್ಲಿ ಒರೆಸುತ್ತಿದ್ದೆವು. ಮೇಲೆ ಬಾಗಿದ್ದ ಮರದ ಕೊಂಬೆಗಳನ್ನೂ ಸವರಿಸಿ ಗಾಳಿ ಬೆಳಕು ಬಿಟ್ಟೆವು.

ಇದೇ ದಿನಗಳಲ್ಲಿ ಒಂದು ಸಣ್ಣ ಉಪಾಯ ತುಂಬಾ ಕೆಲಸಕ್ಕೆ ಬಂತು. ಮಚ್ಚೆಯ ಅಂಚಿನ ಸುತ್ತ ಅಲ್ಲಲ್ಲಿ ಸಣ್ಣ ಕಡ್ಡಿ ನೆಟ್ಟೆ. ಮಚ್ಚೆಯ ಹಳದಿ ಬಣ್ಣ ಕಡ್ಡಿಯನ್ನು ದಾಟಿತಾ ಇಲ್ಲವಾ ನೋಡಿದರೆ ರೋಗ ಓಡುತ್ತಿದೆಯಾ ನಿಂತಿದೆಯಾ ಗೊತ್ತಾಗುತ್ತದೆ. ಬರೀ ಕಣ್ಣಂದಾಜಿನಲ್ಲಿ ನೋಡಿದರೆ ಒಂದು ದಿನ ವಾಸಿ ಅನ್ನಿಸುತ್ತದೆ, ಮರುದಿನ ಭಯವಾಗುತ್ತದೆ. ಕಡ್ಡಿ ಇದ್ದರೆ ಅನುಮಾನಕ್ಕೆ ಜಾಗವಿಲ್ಲ. ನೀರಿನ ಹೊತ್ತು ಬದಲಾಯಿಸಿದ ಮೇಲೆ ಅಂಚಿನ ಓಟ ನಿಧಾನವಾಯಿತು, ಆದರೆ ನಿಲ್ಲಲಿಲ್ಲ. ಮೋಡ ಇನ್ನೂ ಕವಿದೇ ಇತ್ತು.

ವರದಿ ಬಂತು, ಲಾರ್ಜ್ ಪ್ಯಾಚ್ ಖಚಿತವಾಯಿತು. ಸದ್ಯಕ್ಕೆ ಸಾರಜನಕ ಬೇಡ, ಅಜಾಕ್ಸಿಸ್ಟ್ರೋಬಿನ್ ಒಂದು ಸುತ್ತು, ಬೇಕಾದರೆ ಮುಂದಿನ ಸುತ್ತಿಗೆ ಪ್ರೊಪಿಕೊನಜೋಲ್ ಅಂತ ಬರೆದಿದ್ದರು. ಯಾಕೆ ಎರಡು ಬೇರೆ ಅಂತ ಕೇಳಿದೆ. ಎರಡೂ ಫಂಗಸ್ಸನ್ನು ಬೇರೆ ಬೇರೆ ರೀತಿಯಲ್ಲಿ ಹೊಡೆಯುತ್ತವೆ. ಲೇಬಲ್ ಮೇಲೆ ಎಫ್‌ಆರ್‌ಎಸಿ ಗುಂಪಿನ ಸಂಖ್ಯೆ (ಶಿಲೀಂಧ್ರನಾಶಕ ಕೆಲಸ ಮಾಡುವ ರೀತಿಯನ್ನು ಸೂಚಿಸುವ ಸಂಖ್ಯೆ) ಇದ್ದರೆ ಮೊದಲನೆಯದು 11, ಎರಡನೆಯದು 3. ಒಂದೇ ಗುಂಪಿನದ್ದನ್ನು ಪದೇ ಪದೇ ಹೊಡೆದರೆ ಫಂಗಸ್ ಅದಕ್ಕೆ ಒಗ್ಗಿಕೊಳ್ಳುತ್ತದೆ. ಬಾಟಲಿಯ ಬ್ರಾಂಡ್ ಬೇರೆಯಾದರೆ ಸಾಲದು, ಗುಂಪು ಬೇರೆಯಾಗಬೇಕು.

ಅಂಗಡಿಯಲ್ಲಿ ಮತ್ತೆ ತೊಡಕು. ಎಕರೆಗಟ್ಟಲೆ ಹೊಲಕ್ಕೆ ಸಾಕಾಗುವ ದೊಡ್ಡ ಬಾಟಲಿಗಳೇ ಇದ್ದವು, ನಮಗೆ ಬೇಕಾದದ್ದು ಕೆಲವೇ ಮಿಲಿಲೀಟರ್. ಒಬ್ಬರು, "ಇದರಲ್ಲಿ ಹುಳುವಿನ ಔಷಧಿಯೂ ಸೇರಿದೆ, ಒಂದೇ ಕಲ್ಲಿಗೆ ಎರಡು ಹಕ್ಕಿ" ಅಂತ ಕೊಡಲು ಬಂದರು. ಬೇಡ ಅಂದೆ. ಲ್ಯಾಬ್ ವರದಿ ಕೈಯಲ್ಲಿದ್ದುದರಿಂದ ವಾದಕ್ಕೆ ಎಡೆಯಿರಲಿಲ್ಲ, ಬರೆದಿರುವ ಹೆಸರು ತೋರಿಸಿ ಅದನ್ನೇ ಕೊಡಿ ಅಂದರೆ ಆಯಿತು. ಹುಲ್ಲುಹಾಸಿಗೆ ಬಳಸಬಹುದು ಅಂತ ಲೇಬಲ್‌ನಲ್ಲಿ ಇದೆಯಾ, ಅವಧಿ ಮುಗಿದಿದೆಯಾ ನೋಡದೆ ತರಬೇಡಿ.

ಸಿಂಪಡಿಸುವ ಮುಂಚೆ ಲಾನ್‌ನ ಅಳತೆ ತೆಗೆದೆ. ಬರೀ ನೀರು ತುಂಬಿದ ಸ್ಪ್ರೇಯರ್‌ನಲ್ಲಿ 10 ಚದರ ಮೀಟರ್ ಒದ್ದೆ ಮಾಡಲು ಎಷ್ಟು ಲೀಟರ್ ಬೇಕಾಗುತ್ತದೆ ನೋಡಿಕೊಂಡೆ. ಇಷ್ಟು ಗೊತ್ತಿದ್ದರೆ ಲೇಬಲ್ ಪ್ರಮಾಣ ಲೆಕ್ಕ ಹಾಕುವುದು ಸುಲಭ, ಕೊನೆಯಲ್ಲಿ ದ್ರಾವಣ ಉಳಿಯುವುದೂ ಇಲ್ಲ. ಉಳಿದದ್ದನ್ನು ಚರಂಡಿಗೆ ಸುರಿಯಬೇಡಿ, ಅಜಾಕ್ಸಿಸ್ಟ್ರೋಬಿನ್ ಮೀನಿಗೂ ನೀರಿನ ಜೀವಿಗಳಿಗೂ ವಿಷ. ತುಂಬು ತೋಳಿನ ಬಟ್ಟೆ, ಗ್ಲೌಸ್, ಮಾಸ್ಕ್, ಕನ್ನಡಕ, ಶೂ. ಗಾಳಿಯಿಲ್ಲದ ಹೊತ್ತು. ಈ ರೋಗದಲ್ಲಿ ಎಲೆಯ ತುದಿ ಒದ್ದೆಯಾದರೆ ಪ್ರಯೋಜನವಿಲ್ಲ, ದ್ರಾವಣ ಬುಡದ ಪೊರೆಗೆ ಇಳಿಯಬೇಕು. ಅದಕ್ಕೆ ನೀರಿನ ಪ್ರಮಾಣ ಲೇಬಲ್ ಹೇಳಿದ್ದಕ್ಕಿಂತ ಕಡಿಮೆ ಆಗಲೇಬಾರದು. ಮಚ್ಚೆಯ ಮೇಲಷ್ಟೇ ಅಲ್ಲ, ಸುತ್ತಲಿನ ಹಸಿರು ಪಟ್ಟಿಗೂ ಬೀಳಬೇಕು, ಫಂಗಸ್ ಹೊರಟಿರುವುದು ಆ ಕಡೆಗೆ. ಪೂರ್ತಿ ಒಣಗುವವರೆಗೂ ಮಕ್ಕಳನ್ನೂ ನಾಯಿಯನ್ನೂ ಒಳಗೇ ಇಟ್ಟುಕೊಂಡೆವು.

ಸ್ಪ್ರೇ ಆದ ಮೇಲೆ ಬರುವ ದಿನಗಳಿಗೆ ಮನಸ್ಸು ಗಟ್ಟಿ ಮಾಡಿಕೊಳ್ಳಿ. ಲಾನ್ ಹಾಗೇ ಕಂದು ಕಂದಾಗಿ ಇರುತ್ತದೆ. ಔಷಧಿ ಕೆಲಸ ಮಾಡಲಿಲ್ಲ ಅಂತ ಮತ್ತೊಂದು ಸುತ್ತು ಹೊಡೆಯಲು ಕೈ ತುರಿಸುತ್ತದೆ. ಸತ್ತ ಎಲೆಯನ್ನು ಯಾವ ಔಷಧಿಯೂ ಹಸಿರು ಮಾಡುವುದಿಲ್ಲ. ಅದರ ಕೆಲಸ ಹೊಸ ಎಲೆಯನ್ನು ಕಾಪಾಡುವುದು, ಅಷ್ಟೇ. ನಾನು ದಿನಾ ಎರಡು ವಿಷಯ ನೋಡುತ್ತಿದ್ದೆ. ಅಂಚಿನ ಕಿತ್ತಳೆ ಬಣ್ಣ ಮಾಸುತ್ತಿದೆಯಾ? ಅಂಚಿನ ಎಲೆ ಎಳೆದರೆ ತಡೆಯುತ್ತದೆಯಾ? ಮೊದಲು ಕಿತ್ತಳೆ ಹೋಯಿತು, ಆಮೇಲೆ ಎಲೆ ಬಿಗಿಯಾಯಿತು. ಮಚ್ಚೆಯ ಹಳದಿ ಬಣ್ಣ ಕಡ್ಡಿಗಳನ್ನು ದಾಟಲಿಲ್ಲ. ಅದನ್ನು ಖಾತ್ರಿ ಮಾಡಿಕೊಂಡ ದಿನ ಮನೆಯವರನ್ನೆಲ್ಲಾ ಕರೆದು ತೋರಿಸಿದೆ. ಮೋಡ ಮುಂದುವರಿದಿದ್ದರಿಂದ ಲೇಬಲ್ ಹೇಳಿದಷ್ಟು ದಿನ ಬಿಟ್ಟು ಎರಡನೆಯ ಔಷಧಿಯನ್ನೂ ಕೊಟ್ಟೆವು.

ರೋಗದ ಫಂಗಸ್ಸನ್ನು ಹತ್ತಿಕ್ಕಲು ಬಳಸುವ ಜೈವಿಕ ಔಷಧಿ ಟ್ರೈಕೋಡರ್ಮಾ ಹಾಕಬಹುದಾ ಅಂತ ಹಲವರು ಕೇಳುತ್ತಾರೆ. ಅದೂ ಒಂದು ಫಂಗಸ್ಸೇ, ರಾಸಾಯನಿಕದ ಜೊತೆ ಹಾಕಿದರೆ ಅದೂ ಸಾಯಬಹುದು. ರೋಗ ಜೋರಾಗಿ ಓಡುತ್ತಿರುವಾಗ ಅದೊಂದನ್ನೇ ನಂಬಿ ಕೂರುವುದು ನನಗೆ ಸರಿ ಕಾಣಲಿಲ್ಲ.

ಚೇತರಿಕೆ ನಿಧಾನ. ಝೋಯ್ಸಿಯಾ ಹಬ್ಬುವುದೇ ನಿಧಾನ ಅಲ್ವಾ. ಬಿಸಿಲು ಮರಳಿ ಹುಲ್ಲು ಚುರುಕಾದ ಮೇಲೆ ಸತ್ತದ್ದನ್ನು ಮೆಲ್ಲಗೆ ರೇಕ್‌ನಲ್ಲಿ ಬಾಚಿ ತೆಗೆದೆವು. ಬುಡದಲ್ಲಿ ಕಟ್ಟಿದ್ದ ಒಣ ಪದರ ಒಂದು ಸೆಂಟಿಮೀಟರಿಗೂ ದಪ್ಪವಾಗಿತ್ತು, ಅದನ್ನೂ ಸಡಿಲಿಸಿ ನೆಲಕ್ಕೆ ರಂಧ್ರ ಹೊಡೆಸಿದೆವು. ಇದನ್ನು ರೋಗ ಇರುವಾಗ, ನೆಲ ಒದ್ದೆ ಇರುವಾಗ ಮಾಡಬಾರದು. ಸಾರಜನಕವನ್ನೂ ಆಗಲೇ, ಸ್ವಲ್ಪ ಸ್ವಲ್ಪವಾಗಿ ಕೊಟ್ಟದ್ದು. ಬೋಳಾದ ಜಾಗಕ್ಕೆ ಹುಲ್ಲಿಗಿಂತ ಮೊದಲು ಕಳೆ ಬರುತ್ತದೆ, ಕೈಯಲ್ಲೇ ಕೀಳುತ್ತಿರಬೇಕು. ತೀರಾ ಅಗಲವಾದ ಬೋಳಿನ ನಡುವೆ ಲಾನ್‌ನ ಚೆನ್ನಾಗಿರುವ ಮೂಲೆಯಿಂದ ಹುಲ್ಲಿನ ಬಿಲ್ಲೆ ಕಿತ್ತು ನೆಟ್ಟೆವು.

ಫಂಗಸ್ ಪೂರ್ತಿ ಹೋಗಿಲ್ಲ, ಹೋಗುವುದೂ ಇಲ್ಲ. ಗಟ್ಟಿ ಉಂಡೆಯಂತಾಗಿ ಮಣ್ಣಿನಲ್ಲೂ ಒಣ ಪದರದಲ್ಲೂ ವರ್ಷಗಟ್ಟಲೆ ಉಳಿದುಕೊಳ್ಳುತ್ತದೆ. ಇದು ಬಂದ ಜಾಗಕ್ಕೇ ಮತ್ತೆ ಬರುವ ರೋಗ. ಅದಕ್ಕೇ ಮಚ್ಚೆಗಳ ನಕ್ಷೆಯೊಂದನ್ನು ಅಳತೆ ಸಮೇತ ಬರೆದು, ವರದಿಯ ಜೊತೆ ಫೈಲಿನಲ್ಲಿ ಇಟ್ಟಿದ್ದೇನೆ. ಮುಂದಿನ ಸಲ ಬಿಸಿಲು ಇಳಿದು ಮಣ್ಣಿನ ಉಷ್ಣತೆ 20 ಡಿಗ್ರಿಯ ಆಸುಪಾಸಿಗೆ ಬರುವಾಗ, ಮಚ್ಚೆ ಕಾಣುವ ಮುಂಚೆಯೇ, ನಕ್ಷೆಯಲ್ಲಿರುವ ಜಾಗಕ್ಕಷ್ಟೇ ಒಂದು ಸುತ್ತು ಕೊಡಲು ಮೇಡಂ ಹೇಳಿದ್ದಾರೆ. ಆ ಹೊತ್ತಿಗೆ ಯೂರಿಯಾ ಚೀಲ ಮುಟ್ಟಬಾರದು ಅಂತ ತೋಟದವರಿಗೂ ಹೇಳಿಟ್ಟಿದ್ದೇನೆ.